ಯಂತ್ರ ಬಂತು, ಗುಂಡಿ ಒತ್ತುವವರು ಎಲ್ಲಿ?

ಸರಕಾರಿ ಆಸ್ಪತ್ರೆಗೆ ಎಕ್ಸ್‌ರೇ ಯಂತ್ರ ಬಂದರೆ ಅದೊಂದು ಸಮಾರಂಭ. ರಿಬ್ಬನ್ ಇರುತ್ತದೆ, ಶಾಲು ಇರುತ್ತದೆ, ಮರುದಿನ ಪತ್ರಿಕೆಯಲ್ಲಿ ಫೋಟೋ ಇರುತ್ತದೆ. ಆ ಫೋಟೋದಲ್ಲಿ ಶಾಸಕರಿರುತ್ತಾರೆ, ವೈದ್ಯಾಧಿಕಾರಿಗಳಿರುತ್ತಾರೆ. ನಾಳೆಯಿಂದ ಆ ಯಂತ್ರದ ಪಕ್ಕ ನಿಂತು ಬೆಳಗ್ಗಿನಿಂದ ಸಂಜೆಯವರೆಗೆ ಜನರ ಎದೆ, ಸೊಂಟ, ಕೈಕಾಲುಗಳ ಚಿತ್ರ ತೆಗೆಯಬೇಕಾದವರು ಮಾತ್ರ ಕಾಣಿಸುವುದಿಲ್ಲ. ಹಿಂದಿನ ಸಾಲಿನಲ್ಲಿ ಎಲ್ಲೋ ನಿಂತಿರಬಹುದು. ಆ ಹುದ್ದೆಗೆ ಇನ್ನೂ ಯಾರೂ ಬಂದೇ ಇಲ್ಲದಿರಲೂಬಹುದು.

ಕರಾವಳಿಯ ನಮ್ಮ ಓದುಗರಿಗೆ ಈ ಕೆಲಸದ ಪರಿಚಯ ಇದೆ. ನಮ್ಮ ಹಲವು ವಾಳೆಗಳಲ್ಲಿ ಮಗನೋ ಮಗಳೋ ಮಂಗಳೂರಿನಲ್ಲೋ ಮಣಿಪಾಲದಲ್ಲೋ ಮೆಡಿಕಲ್ ಇಮೇಜಿಂಗ್ ಕಲಿತು ದುಬೈ, ಮಸ್ಕತ್, ಇಂಗ್ಲೆಂಡ್ ಎಂದು ಹೋದ ಕುಟುಂಬಗಳಿವೆ. ಆದರೂ ಊರ ಫೆಸ್ತಿನ ಊಟಕ್ಕೆ ಕುಳಿತಾಗ ಮಗನ ಕೆಲಸ ಏನು ಎಂದು ಕೇಳಿದರೆ ತಂದೆತಾಯಿ 'ಆಸ್ಪತ್ರೆಯಲ್ಲಿ' ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ವೈದ್ಯ ಅಲ್ಲ, ನರ್ಸ್ ಅಲ್ಲ, ಏನೆಂದು ಹೇಳುವುದು?

ಇಂದು ನಾವು ಹೇಳಹೊರಟಿರುವುದು ಘಟ್ಟದ ಆಚೆಯ ನಾಲ್ಕು ಊರುಗಳ ವಿಷಯ. ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ. ಬಳ್ಳಾರಿ ಧರ್ಮಪ್ರಾಂತ್ಯದ ಈ ಭಾಗದಲ್ಲಿ ಸೇವೆ ಸಲ್ಲಿಸುವ ಗುರುಗಳಲ್ಲಿ, ಧರ್ಮಭಗಿನಿಯರಲ್ಲಿ, ಶಿಕ್ಷಕರಲ್ಲಿ ಕರಾವಳಿಯವರಿದ್ದಾರೆ. ಅವರನ್ನು ನೋಡಲು ಹೋದವರು ಹಂಪಿ ನೋಡಿ ಬರುತ್ತಾರೆ. ಸಂಡೂರಿನ ದಾರಿಯಲ್ಲಿ ಗಿಡಮರಗಳ ಎಲೆ ಕೆಂಪಾಗಿರುವುದನ್ನೂ ನೋಡಿ ಬಂದು ನಮ್ಮಲ್ಲಿ ಹೇಳುತ್ತಾರೆ. ಅದೇ ಕೆಂಪು ಧೂಳು ಜನರ ಎದೆಯೊಳಗೆ ಏನು ಮಾಡಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಅದನ್ನು ಕಾಣಿಸುವುದಕ್ಕಾಗಿಯೇ ಎಕ್ಸ್‌ರೇ ಕೋಣೆ ಇರುವುದು.

ಮೊದಲು ಈ ಊರುಗಳ ಈಗಿನ ಸ್ಥಿತಿ ತಿಳಿಯಬೇಕು. 2021ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ವಿಜಯನಗರ ಜಿಲ್ಲೆ ಆಯಿತು. ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು, ಹಂಪಿ ಅದರೊಳಗೆ ಬಂತು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಕಾಗದದ ಮೇಲೆ ಇದು ಸರಳ. ಆದರೆ ಸಂಡೂರಿನಿಂದ ಹೊಸಪೇಟೆಗೆ ಸುಮಾರು ಮೂವತ್ತು ಕಿಲೋಮೀಟರ್, ಬಳ್ಳಾರಿಗೆ ಐವತ್ತಕ್ಕೂ ಹೆಚ್ಚು. ಕಂಪ್ಲಿಯಂತೂ ಮೊದಲು ಹೊಸಪೇಟೆ ತಾಲ್ಲೂಕಿನದೇ ಭಾಗವಾಗಿತ್ತು. ಜನ ಸಂತೆಗೆ, ಆಸ್ಪತ್ರೆಗೆ ಹೊಸಪೇಟೆಗೆ ಬಂದು ರೂಢಿ. ಕಾಯಿಲೆ ಬಿದ್ದವನು ಜಿಲ್ಲೆಯ ಗಡಿ ನೋಡಿ ಬಸ್ ಹತ್ತುವುದಿಲ್ಲ. ಹತ್ತಿರದ ಊರಲ್ಲಿ ಚಿತ್ರ ತೆಗೆಸುತ್ತಾನೆ, ದೂರದ ಊರಿಗೆ ಅದನ್ನು ಒಯ್ಯುತ್ತಾನೆ. ಕೊನೆಗೆ ದೊಡ್ಡ ಕಾಯಿಲೆ ಎಂದಾದರೆ 1961ರಲ್ಲಿ ಆರಂಭವಾದ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಳುಹಿಸುತ್ತಾರೆ. ಅಲ್ಲಿ ಹಳೆಯ ಚಿತ್ರ ಕೇಳಿದರೆ ಮನೆಯ ಅಟ್ಟದಲ್ಲಿ ಮಡಚಿಟ್ಟಿದ್ದೇವೆ ಎಂಬ ಉತ್ತರ ಬರುತ್ತದೆ.

ಎದೆಯ ಎಕ್ಸ್‌ರೇ ಎಂದರೆ ಗುಂಡಿ ಒತ್ತುವುದು ಎಂದು ನಾವು ಭಾವಿಸಿದ್ದೇವೆ. ಈ ಲೇಖನದ ತಲೆಬರಹದಲ್ಲಿ ನಾವೂ ಹಾಗೆಯೇ ಬರೆದಿದ್ದೇವೆ. ಗುಂಡಿ ಒತ್ತುವುದಕ್ಕೆ ಒಂದು ಕ್ಷಣ ಸಾಕು. ಅದಕ್ಕೆ ಮೊದಲಿನದೇ ಕೆಲಸ. ರೋಗಿಯನ್ನು ಫಲಕಕ್ಕೆ ಎದೆ ತಾಗುವಂತೆ ನಿಲ್ಲಿಸಬೇಕು. ಗದ್ದ ಮೇಲೆತ್ತಿಸಬೇಕು. ಕೈಗಳನ್ನು ಸೊಂಟದ ಮೇಲಿಡಿಸಿ ಭುಜವನ್ನು ಮುಂದಕ್ಕೆ ತಳ್ಳಿಸಬೇಕು, ಇಲ್ಲದಿದ್ದರೆ ಬೆನ್ನಿನ ಹೆಗಲ ಮೂಳೆ ಶ್ವಾಸಕೋಶದ ಮೇಲೆ ಬಂದು ಕೂರುತ್ತದೆ. ಯಂತ್ರ ಆರು ಅಡಿ ದೂರದಲ್ಲಿರಬೇಕು. ಆಮೇಲೆ ಪೂರ್ತಿ ಉಸಿರು ಎಳೆದು ಹಿಡಿಯಲು ಹೇಳಬೇಕು. ಅರ್ಧ ಉಸಿರಿನಲ್ಲಿ ತೆಗೆದ ಚಿತ್ರದಲ್ಲಿ ಆರೋಗ್ಯವಂತನ ಶ್ವಾಸಕೋಶವೂ ಕೆಳಭಾಗದಲ್ಲಿ ಮಬ್ಬಾಗಿ ರೋಗಿಯದರಂತೆ ಕಾಣುತ್ತದೆ. ಕಿರಣದ ಪ್ರಮಾಣ ಕಡಿಮೆಯಾದರೆ ಇಲ್ಲದ ಚುಕ್ಕೆಗಳು ಇದ್ದಂತೆ ತೋರುತ್ತವೆ. ಹೆಚ್ಚಾದರೆ ಇದ್ದ ಚುಕ್ಕೆಗಳೂ ಮಾಯವಾಗುತ್ತವೆ.

ಈ ಮಾತುಗಳನ್ನು ರೋಗಿಗೆ ತಿಳಿಯುವಂತೆ ಹೇಳುವುದೇ ಒಂದು ವಿದ್ಯೆ. ಹೊಸಪೇಟೆಯಲ್ಲಿ ಕೆಲಸ ಮಾಡುತ್ತಿರುವ ಕರಾವಳಿ ಮೂಲದ ಒಬ್ಬ ತಂತ್ರಜ್ಞೆ ನಮಗೆ ಹೇಳಿದ್ದು ಹೀಗೆ: ಬಂದ ಹೊಸತರಲ್ಲಿ ಆಕೆ ತನ್ನ ಮಂಗಳೂರು ಕನ್ನಡದಲ್ಲಿ 'ಸ್ವಲ್ಪ ಆ ಕಡೆ ತಿರುಗಿ, ಶ್ವಾಸ ಎಳೆದುಕೊಳ್ಳಿ' ಎಂದರೆ ಅಜ್ಜಿಯರು ಮುಖ ನೋಡುತ್ತ ನಿಲ್ಲುತ್ತಿದ್ದರಂತೆ. ಈಗ 'ಹೊಳ್ಳಿ ನಿಂದ್ರಿ ಅಮ್ಮಾ, ಉಸುರು ಎಳ್ಕೊಳ್ರಿ, ಹಿಡೀರಿ ಹಿಡೀರಿ, ಹ್ಞಾ ಬಿಡ್ರಿ' ಎನ್ನುತ್ತಾಳೆ. ತಾಂಡಾದಿಂದ ಬಂದವರಿಗಾಗಿ ಲಂಬಾಣಿಯ ನಾಲ್ಕು ಮಾತು, ಕಂಪ್ಲಿ ಕಡೆಯವರಿಗೆ ತೆಲುಗಿನ ನಾಲ್ಕು ಮಾತು ಕಲಿತಿದ್ದಾಳೆ. ಕಾಲೇಜಿನಲ್ಲಿ ಇದಕ್ಕೆ ಅಂಕ ಕೊಡುವುದಿಲ್ಲ.

ಸಂಡೂರಿನಲ್ಲಿ ಒಂದು ಎದೆಯ ಚಿತ್ರಕ್ಕೆ ಬೇರೆಡೆಗಿಂತ ಹೆಚ್ಚು ತೂಕ ಇದೆ. ಕಾರಣ ಹೇಳುತ್ತೇವೆ.

ಇಲ್ಲಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಜೊತೆಗೆ ಪದರು ಪದರಾಗಿ ಬೆಣಚುಕಲ್ಲೂ ಇದೆ. ಬೆಣಚುಕಲ್ಲಿನ ನುಣ್ಣನೆಯ ಧೂಳು ವರ್ಷಾನುಗಟ್ಟಲೆ ಒಳಗೆ ಹೋದರೆ ಶ್ವಾಸಕೋಶದಲ್ಲಿ ಗಂಟುಗಳಾಗುತ್ತವೆ. ಅದೇ ಸಿಲಿಕೋಸಿಸ್. ಅದಕ್ಕೆ ಮದ್ದಿಲ್ಲ. ಕಬ್ಬಿಣದ ಧೂಳು ಮಾತ್ರ ಹೋಗಿದ್ದರೆ ಅಷ್ಟು ಅಪಾಯವಿಲ್ಲ. ಕೆಮ್ಮುವ ಪ್ರತಿಯೊಬ್ಬ ಗಣಿ ಕಾರ್ಮಿಕನಿಗೂ ಸಿಲಿಕೋಸಿಸ್ ಎಂದು ನಾವು ಹೇಳುತ್ತಿಲ್ಲ. ಆದರೆ ಈ ರೋಗ ಸಾಮಾನ್ಯವಾಗಿ ಧೂಳು ಕುಡಿದು ಹತ್ತು, ಇಪ್ಪತ್ತು ವರ್ಷಗಳ ಮೇಲೆ ತಲೆ ಎತ್ತುತ್ತದೆ ಎಂಬುದನ್ನು ನೆನಪಿಡಬೇಕು.

ಇಪ್ಪತ್ತು ವರ್ಷಗಳ ಹಿಂದೆ ಅಲ್ಲಿ ಏನು ನಡೆಯುತ್ತಿತ್ತು? ಚೀನಾದಲ್ಲಿ ಅದಿರಿಗೆ ಬೇಡಿಕೆ ಏರಿ ಹೊಸಪೇಟೆ, ಸಂಡೂರು ರಸ್ತೆಗಳಲ್ಲಿ ಲಾರಿಗಳ ಸಾಲು ಮುಗಿಯುತ್ತಿರಲಿಲ್ಲ. ಆ ಲಾರಿಗಳಲ್ಲಿ ಹಲವು ಘಟ್ಟ ಇಳಿದು ನಮ್ಮ ಮಂಗಳೂರಿನ ಬಂದರಿಗೇ ಬಂದವು ಎಂಬುದನ್ನು ಕರಾವಳಿಯ ಹೆದ್ದಾರಿ ಬದಿಯವರು ಮರೆತಿರಲಾರರು. ರಸ್ತೆ ಬದಿಯ ಸ್ಟಾಕ್‌ಯಾರ್ಡ್‌ಗಳಲ್ಲಿ ಗಂಡಸರು, ಹೆಂಗಸರು, ಶಾಲೆ ಬಿಟ್ಟ ಮಕ್ಕಳು ಕೂಡಾ ಸುತ್ತಿಗೆ ಹಿಡಿದು ಅದಿರು ಒಡೆದರು, ಜರಡಿ ಹಿಡಿದರು. ಮೂಗಿಗೆ ಸೀರೆಯ ಸೆರಗು, ಇಲ್ಲವೆ ಟವೆಲು. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ಷರತ್ತುಗಳೊಂದಿಗೆ ಗಣಿಗಳು ಮತ್ತೆ ತೆರೆದವು. ಲಾರಿಗಳ ಲೆಕ್ಕ ಆಯಿತು, ಅದಿರಿನ ಲೆಕ್ಕ ಆಯಿತು, ಒತ್ತುವರಿಯಾದ ಕಾಡಿನ ಲೆಕ್ಕವೂ ಆಯಿತು. ಧೂಳು ಕುಡಿದವರ ಲೆಕ್ಕವನ್ನು ಮಾತ್ರ ಯಾರೂ ಹಾಗೆ ಬರೆದಿಡಲಿಲ್ಲ.

ಗಣಿಯ ಖಾಯಂ ಕಾರ್ಮಿಕನಿಗೆ ಒಂದು ರಕ್ಷಣೆ ಇತ್ತು. ಕೆಲಸಕ್ಕೆ ಸೇರುವಾಗ ಒಮ್ಮೆ, ಅನಂತರ ಐದು ವರ್ಷಗಳಿಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಅದರಲ್ಲಿ ಎದೆಯ ಎಕ್ಸ್‌ರೇಯೂ ಇರಬೇಕು ಎಂಬುದು 1955ರ ಗಣಿ ನಿಯಮಗಳಡಿ ಬಂದ ಪದ್ಧತಿ. ದೊಡ್ಡ ಗಣಿಗಳಲ್ಲಿ ಇದು ನಡೆಯುತ್ತದೆ. ಸ್ಟಾಕ್‌ಯಾರ್ಡ್‌ನಲ್ಲಿ ದಿನಗೂಲಿಗೆ ಅದಿರು ಒಡೆದವಳ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಅಂದು ಇಪ್ಪತ್ತರ ಪ್ರಾಯದವರು ಇಂದು ನಲವತ್ತು ದಾಟಿದ್ದಾರೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ಈಗ ಆಸ್ಪತ್ರೆಗೆ ಬರುವವರಲ್ಲಿ ಅವರೂ ಇದ್ದಾರೆ.

ಇಲ್ಲಿ ಒಂದು ತೊಡಕಿದೆ. ಸಿಲಿಕೋಸಿಸ್‌ನ ಚುಕ್ಕೆಗಳೂ ಕ್ಷಯದ ಚುಕ್ಕೆಗಳೂ ಎಕ್ಸ್‌ರೇಯಲ್ಲಿ ಒಂದನ್ನೊಂದು ಹೋಲುತ್ತವೆ. ಸಿಲಿಕಾ ಧೂಳು ತುಂಬಿದ ಎದೆಗೆ ಕ್ಷಯವೂ ಬೇಗ ತಗಲುತ್ತದೆ. ಚಿತ್ರ ಸರಿಯಿಲ್ಲದಿದ್ದರೆ, ಯಾವ ಕೆಲಸ ಮಾಡಿದ್ದಿರಿ ಎಂದು ಯಾರೂ ಕೇಳದಿದ್ದರೆ, ಆರು ತಿಂಗಳು ಕ್ಷಯದ ಗುಳಿಗೆ ಕೊಟ್ಟು ಕಳುಹಿಸುವುದು ಸುಲಭ. ಗುಣವಾಗದೆ ಹೋದರೆ ಗುಳಿಗೆ ಸರಿಯಾಗಿ ನುಂಗಲಿಲ್ಲ ಎಂಬ ಬೈಗುಳ ಬೇರೆ. ಕ್ಷಯ ಎಂದು ಬರೆದರೆ ಅದು ಅವಳ ಹಣೆಬರಹ. ಸಿಲಿಕೋಸಿಸ್ ಎಂದು ಬರೆದರೆ ಅದು ಕೆಲಸದಿಂದ ಬಂದ ರೋಗ, ಪರಿಹಾರದ ಪ್ರಶ್ನೆ ಏಳುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ಎಷ್ಟೋ ಸಲ ಒಂದು ಸರಿಯಾದ ಚಿತ್ರದ ಮೇಲೆ ನಿಂತಿರುತ್ತದೆ.

ಇದು ನಮ್ಮ ರಾಜ್ಯಕ್ಕೆ ಹೊಸ ಪಾಠವೂ ಅಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ 7 ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತು. ಅದಕ್ಕೂ ಮೊದಲೇ, 1940ರಲ್ಲಿ, ಮೈಸೂರು ಸಂಸ್ಥಾನ ಈ ರೋಗಕ್ಕಾಗಿ ನಿಯಮಗಳನ್ನು ತಂದಿತ್ತು. ಎಕ್ಸ್‌ರೇ ಇಲ್ಲದೆ ಇಂಥ ಪರೀಕ್ಷೆ ಆಗುವ ಮಾತೇ ಇಲ್ಲ. ನಮ್ಮ ಕಾಲದಲ್ಲಿ ರಾಜಸ್ಥಾನ ಸರಕಾರ 2019ರಲ್ಲಿ ಒಂದು ನೀತಿ ತಂದು, ರೋಗ ದೃಢಪಟ್ಟ ಕಾರ್ಮಿಕನಿಗೆ 3 ಲಕ್ಷ ರೂಪಾಯಿ, ಮರಣ ಹೊಂದಿದರೆ ಕುಟುಂಬಕ್ಕೆ ಇನ್ನೂ 2 ಲಕ್ಷ ಎಂದು ಗೊತ್ತುಪಡಿಸಿತು. ಹಣ ಇರುವಲ್ಲಿ ಕಳ್ಳತನವೂ ಬರುತ್ತದೆ. ಒಬ್ಬನ ಎಕ್ಸ್‌ರೇಗೆ ಇನ್ನೊಬ್ಬನ ಹೆಸರು ಅಂಟಿಸಿದ ಆರೋಪಗಳೂ ಅಲ್ಲಿ ಬಂದವು. ಚಿತ್ರದ ಮೂಲೆಯಲ್ಲಿ ಬರೆಯುವ ಹೆಸರು, ದಿನಾಂಕ, ಎಡ ಬಲದ ಗುರುತು ಎಷ್ಟು ಮುಖ್ಯ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಸಂಡೂರಿನ ಬಗ್ಗೆ ಇಷ್ಟು ಹೇಳಿದ ಮೇಲೆ ಉಳಿದ ಊರುಗಳ ಬಗ್ಗೆ ಎರಡು ಮಾತು. ಹಂಪಿ 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಬಂಡೆ ಹತ್ತಿ ಜಾರಿದವರು, ಬಾಡಿಗೆ ಸ್ಕೂಟರಿನಿಂದ ಬಿದ್ದವರು ಹೊಸಪೇಟೆಗೆ ಬರುತ್ತಾರೆ. ವಿದೇಶದ ಪ್ರವಾಸಿ ಮೊದಲು ಕೇಳುವುದು ಚಿತ್ರದ ಸಿ.ಡಿ. ಕೊಡುತ್ತೀರಾ ಎಂದು. ಕಂಪ್ಲಿಯದು ಭತ್ತ, ಕಬ್ಬಿನ ನೀರಾವರಿ ಸೀಮೆ. ಅಲ್ಲಿಂದ ಬರುವುದು ಟ್ರ್ಯಾಕ್ಟರಿನಿಂದ ಬಿದ್ದ ಕಾಲು, ಯಂತ್ರಕ್ಕೆ ಸಿಕ್ಕಿದ ಕೈ. ನಾಟಿ ಮಾಡುವ ಹೆಂಗಸು ಸೊಂಟ ನೋವೆಂದು ಬಂದಾಗ ತಂತ್ರಜ್ಞರು ಮೊದಲು ಕೇಳಬೇಕಾದ ಪ್ರಶ್ನೆ ಬಸಿರು ಇರಬಹುದೇ ಎಂದು. ಹೊಟ್ಟೆಯ ಶಿಶುವಿಗೆ ಕಿರಣ ತಾಗಬಾರದು. ಅತ್ತೆ ಪಕ್ಕದಲ್ಲಿ ನಿಂತಿರುವಾಗ, ಕೇಳುವವನು ಇಪ್ಪತ್ತೈದರ ಹುಡುಗನಾಗಿರುವಾಗ, ಆಕೆ ಏನು ಉತ್ತರ ಕೊಟ್ಟಾಳು? ಎಕ್ಸ್‌ರೇ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ಇರಬೇಕು ಎಂದು ನಾವು ಹೇಳುವುದು ಈ ಕಾರಣಕ್ಕೆ.

ಕೆಲಸ ಮಾಡುವವರ ಸುರಕ್ಷತೆಯ ಬಗ್ಗೆಯೂ ತಂದೆತಾಯಿಗಳಲ್ಲಿ ಭಯವಿದೆ. ಕಿರಣ ತಾಗಿ ಮದುವೆಯ ಮೇಲೆ ಮಕ್ಕಳಾಗುವುದಿಲ್ಲವಂತೆ ಎಂಬ ಮಾತನ್ನು ನಮ್ಮಲ್ಲಿಯೂ ಕೇಳಿದ್ದೇವೆ. ವಿಷಯ ಹೀಗಿದೆ. ನಿಸರ್ಗದಿಂದಲೇ ಪ್ರತಿ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಾಗುತ್ತದೆ. ಒಂದು ಎದೆಯ ಎಕ್ಸ್‌ರೇಯಿಂದ ರೋಗಿಗೆ ತಾಗುವುದು 0.1ಕ್ಕೂ ಕಡಿಮೆ. ಸಿ.ಟಿ. ಸ್ಕ್ಯಾನಿನಲ್ಲಿ ಅದರ ಹತ್ತಾರು ಪಟ್ಟು. ಕೆಲಸ ಮಾಡುವವರಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಹಾಕಿದ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20. ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಗೋಡೆ ಸರಿಯಿದ್ದು, ಸೀಸದ ಏಪ್ರನ್ ಇದ್ದು, ತಂತ್ರಜ್ಞರು ತಡೆಯ ಹಿಂದೆ ನಿಂತರೆ ಈ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ತಾಗಿದ್ದೆಷ್ಟು ಎಂದು ಅಳೆಯಲು ಎದೆಗೆ ಒಂದು ಟಿ.ಎಲ್.ಡಿ. ಬ್ಯಾಡ್ಜ್ ಇರುತ್ತದೆ, ಮೂರು ತಿಂಗಳಿಗೊಮ್ಮೆ ಅದನ್ನು ಪರೀಕ್ಷೆಗೆ ಕಳುಹಿಸಬೇಕು.

ಭಯಪಡಬೇಕಾದದ್ದು ಬ್ಯಾಡ್ಜ್ ಇಲ್ಲದ ಕಡೆ. ನಾವು ಕಂಡ ಒಂದು ಸಣ್ಣ ಖಾಸಗಿ ಕೇಂದ್ರದಲ್ಲಿ ಬ್ಯಾಡ್ಜ್ ಮೇಜಿನ ಡ್ರಾಯರಿನಲ್ಲಿತ್ತು. ತಪಾಸಣೆಗೆ ಯಾರಾದರೂ ಬಂದಾಗ ತೊಡುವುದಂತೆ! ಅಲ್ಲಿ ಚಿತ್ರ ತೆಗೆಯುತ್ತಿದ್ದವನು ಡಿಪ್ಲೊಮಾ ಮುಗಿಸಿದವನೂ ಅಲ್ಲ, ನೋಡಿ ಕಲಿತ ಹುಡುಗ. ಮಗು ಅಲುಗಾಡದಂತೆ ಹಿಡಿಯಲು ತಾಯಿಯನ್ನು ಏಪ್ರನ್ ಇಲ್ಲದೆ ಒಳಗೆ ನಿಲ್ಲಿಸಿದ್ದ. ಇಂಥ ಹುಡುಗರಿಗೆ ನಾವು ಬೈಯುವುದಿಲ್ಲ. ಕಲಿತವರು ಸಿಗದ ಕಡೆ, ಸಿಕ್ಕರೂ ಸಂಬಳ ಕೊಡಲು ಮನಸ್ಸಿಲ್ಲದ ಕಡೆ ಹೀಗೆಯೇ ಆಗುತ್ತದೆ.

ಹಣವಿಲ್ಲ ಎಂದು ಹೇಳುವಂತಿಲ್ಲ. ಗಣಿ ಜಿಲ್ಲೆಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನ ಎಂಬ ನಿಧಿ ಇದೆ. 2015ರ ಕಾನೂನು ತಿದ್ದುಪಡಿಯಿಂದ ಬಂದದ್ದು. ಹಳೆಯ ಗುತ್ತಿಗೆಯ ಗಣಿಗಳು ಸರಕಾರಕ್ಕೆ ಕೊಡುವ ರಾಜಧನದ ಮೇಲೆ ಶೇ. 30ರಷ್ಟನ್ನು, ಹರಾಜಿನಲ್ಲಿ ಪಡೆದ ಗಣಿಗಳು ಶೇ. 10ರಷ್ಟನ್ನು ಇದಕ್ಕೆ ಕೊಡಬೇಕು. ರಾಜ್ಯದಲ್ಲಿ ಈ ನಿಧಿ ಹೆಚ್ಚಾಗಿ ಸೇರುವ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆರೋಗ್ಯ ಈ ನಿಧಿಯ ಮೊದಲ ಆದ್ಯತೆಗಳಲ್ಲಿದೆ. ಕೇಂದ್ರ ಸರಕಾರದ ಮಾರ್ಗಸೂಚಿಯಲ್ಲಿ ಒಂದು ಮಾತು ಸ್ಪಷ್ಟವಾಗಿದೆ: ಕಟ್ಟಡ ಕಟ್ಟಿದರೆ ಸಾಲದು, ಅದನ್ನು ನಡೆಸಲು ಬೇಕಾದ ಸಿಬ್ಬಂದಿ, ಉಪಕರಣ, ಸಾಮಗ್ರಿಗಳಿಗೂ ಗಮನ ಕೊಡಬೇಕು. ಗಣಿ ರೋಗಗಳಿಗೆ ಬೇಕಾದ ವಿಶೇಷ ವ್ಯವಸ್ಥೆ ಮಾಡಬಹುದು ಎಂದೂ ಇದೆ. ಆದರೆ ಕಟ್ಟಡಕ್ಕೆ ಅಡಿಗಲ್ಲು ಹಾಕಬಹುದು, ಯಂತ್ರಕ್ಕೆ ರಿಬ್ಬನ್ ಕತ್ತರಿಸಬಹುದು. ತಿಂಗಳ ಸಂಬಳಕ್ಕೆ ಯಾವ ಸಮಾರಂಭ ಮಾಡುವುದು? ಹಾಗಾಗಿ ತಂತ್ರಜ್ಞರು ಹೊರಗುತ್ತಿಗೆಯಲ್ಲೇ ಉಳಿಯುತ್ತಾರೆ, ಗುತ್ತಿಗೆ ನವೀಕರಣ ತಡವಾದರೆ ಸಂಬಳವೂ ತಡವಾಗುತ್ತದೆ, ಅವಕಾಶ ಸಿಕ್ಕಿದೊಡನೆ ಬೆಂಗಳೂರಿಗೋ ಹೊರದೇಶಕ್ಕೋ ಹೋಗುತ್ತಾರೆ. ಹೋದವರನ್ನು ದೂರಲು ನಮಗೆ, ಕರಾವಳಿಯವರಿಗೆ, ಬಾಯಿಯಿಲ್ಲ.

ಈಗ ಕೃತಕ ಬುದ್ಧಿಮತ್ತೆ ಬಂದಿದೆ, ಇನ್ನು ಇವರೆಲ್ಲ ಯಾಕೆ ಎನ್ನುವವರೂ ಇದ್ದಾರೆ. 2024ರ ಡಿಸೆಂಬರ್ 7ರಂದು ಆರಂಭವಾದ ಕ್ಷಯ ವಿರುದ್ಧದ ನೂರು ದಿನಗಳ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳು ಹಳ್ಳಿಗಳಿಗೆ ಹೋದವು. ಕಂಪ್ಯೂಟರ್ ಕೆಲವೇ ನಿಮಿಷಗಳಲ್ಲಿ ಕ್ಷಯದ ಸಂಶಯ ಇದೆಯೇ ಎಂದು ತಿಳಿಸುತ್ತದೆ. ಇದು ಒಳ್ಳೆಯ ಬೆಳವಣಿಗೆ. ಆದರೆ ಆ ಕಂಪ್ಯೂಟರನ್ನು ಪಳಗಿಸಿರುವುದು ಕ್ಷಯ ಹುಡುಕಲು. ಸಂಡೂರಿನ ಎದೆಯಲ್ಲಿ ಚುಕ್ಕೆ ಕಂಡರೆ ಅದು ಕ್ಷಯ ಎಂದೇ ಹೇಳುವ ಸಾಧ್ಯತೆ ಹೆಚ್ಚು. ನೀವು ಯಾವ ಕೆಲಸ ಮಾಡಿದ್ದಿರಿ ಎಂದು ಅದು ಕೇಳುವುದಿಲ್ಲ.

ಹಾಗಾದರೆ ಕರಾವಳಿಯಿಂದ ತಂತ್ರಜ್ಞರನ್ನು ಕಳುಹಿಸಿದರೆ ಆಯಿತೇ? ನಮ್ಮ ಅಭಿಪ್ರಾಯದಲ್ಲಿ ಅದು ಅರ್ಧ ದಾರಿ ಮಾತ್ರ. ಸಂವಿಧಾನದ 371 ಜೆ ವಿಧಿಯಂತೆ ಕಲ್ಯಾಣ ಕರ್ನಾಟಕದ ಸರಕಾರಿ ನೇಮಕಾತಿಯಲ್ಲಿ 'ಸಿ' ದರ್ಜೆಯ ಶೇ. 80ರಷ್ಟು ಹುದ್ದೆ ಸ್ಥಳೀಯರಿಗೆ ಮೀಸಲು. ಅದು ನ್ಯಾಯವೂ ಹೌದು. ಹುದ್ದೆ ಅಲ್ಲಿಯ ಮಕ್ಕಳದು, ಆ ಮಕ್ಕಳು ಈ ವಿದ್ಯೆ ಕಲಿಯಬೇಕು. ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಮುಗಿಸಿದವರಿಗೆ ಡಿಪ್ಲೊಮಾ ಇದೆ, ವಿಜ್ಞಾನ ಓದಿದವರಿಗೆ ಬಿ.ಎಸ್ಸಿ. ಇದೆ. ಸಂಡೂರಿನ ತಾಂಡಾದ ಹುಡುಗಿಗೆ ಇಂಥದೊಂದು ಕೋರ್ಸ್ ಇದೆ ಎಂಬುದೇ ಗೊತ್ತಿಲ್ಲ. ಆಕೆಗೆ ಗೊತ್ತಿರುವುದು ಟಿ.ಸಿ.ಎಚ್. ಮತ್ತು ನರ್ಸಿಂಗ್.

1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಬಡವರಿಗಾಗಿ ತೆರೆದ ಸಣ್ಣ ಔಷಧಾಲಯ ಇಂದು ವೈದ್ಯಕೀಯ ಕಾಲೇಜಾಗಿ ನಿಂತಿದೆ. ಕರಾವಳಿಯಲ್ಲಿ ಈ ವಿದ್ಯೆ ಕಲಿಸುವ ಸಂಸ್ಥೆಗಳು ಒಂದೆರಡಲ್ಲ. ಪ್ರತಿ ವರ್ಷ ಗಣಿ ಸೀಮೆಯ ಕೆಲವೇ ಹೆಣ್ಣುಮಕ್ಕಳಿಗೆ ಶುಲ್ಕ ಮತ್ತು ಹಾಸ್ಟೆಲ್ ವ್ಯವಸ್ಥೆ ಆದರೂ ಸಾಕು. ಖನಿಜ ನಿಧಿಯಿಂದ ವಿದ್ಯಾರ್ಥಿವೇತನಕ್ಕೂ ಅವಕಾಶ ಇದೆ. ಅರ್ಜಿ ತುಂಬಿಸುವುದು, ಮನೆಯವರನ್ನು ಒಪ್ಪಿಸುವುದು, ಮಂಗಳೂರಿನಲ್ಲಿ ಮೊದಲ ತಿಂಗಳು ಮನೆ ನೆನಪಾಗಿ ಅಳುವಾಗ ಜೊತೆಗಿರುವುದು, ಇವೆಲ್ಲ ಅಲ್ಲಿರುವ ಧರ್ಮಭಗಿನಿಯರು ಮತ್ತು ಇಲ್ಲಿರುವ ನಮ್ಮ ಸಂಘಟನೆಗಳವರು ಮಾಡಬಲ್ಲ ಕೆಲಸ. ಕೋರ್ಸ್ ಮುಗಿದ ಮೇಲೆ ಅವರಲ್ಲಿ ಕೆಲವರು ಗಲ್ಫಿಗೂ ಹೋದಾರು. ಹೋಗಲಿ. ನಮ್ಮ ಮಕ್ಕಳು ಹೋಗಿಲ್ಲವೇ?

ಮೇಲೆ ಹೇಳಿದ ತಂತ್ರಜ್ಞೆಯ ಕೋಣೆಯಲ್ಲಿ ನಾವು ಎಕ್ಸ್‌ರೇ ರಿಜಿಸ್ಟರ್ ನೋಡಿದೆವು. ಕ್ರಮ ಸಂಖ್ಯೆ, ಹೆಸರು, ವಯಸ್ಸು, ಊರು, ಯಾವ ಭಾಗ, ಎಷ್ಟು ಫಿಲ್ಮ್ ಎಂದು ಅಚ್ಚಾದ ಕಲಂಗಳು. ಕೊನೆಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ಆಕೆ ಇನ್ನೊಂದು ಕಲಂ ಮಾಡಿಕೊಂಡಿದ್ದಳು. 'ಕೆಲಸ' ಎಂದು ತಲೆಬರಹ. ಯಾರೂ ಕೇಳದಿದ್ದರೂ ತಾನಾಗಿ ಆರಂಭಿಸಿದ್ದಂತೆ. ಹೆಚ್ಚಿನ ಸಾಲುಗಳಲ್ಲಿ 'ಹೊಲ', 'ಮನೆ', 'ಶಾಲೆ' ಎಂದಿತ್ತು. ಒಂದು ಪುಟದಲ್ಲಿ, ಸಂಡೂರು ತಾಲ್ಲೂಕಿನ ನಲವತ್ತಮೂರು ವರ್ಷದ ಹೆಂಗಸಿನ ಹೆಸರಿನ ಮುಂದೆ, 'ಅದಿರು ಒಡೆಯುವುದು, ಆರು ವರ್ಷ, ಮದುವೆಗೆ ಮುಂಚೆ' ಎಂದು ಬರೆದಿತ್ತು.